ದೊಡ್ಡಪ್ಪ ಪಾಸ್ ಮಾಡದ ಶಿವಸ್ತೋತ್ರ

ಸಾಕ್ಷಾತ್ ಶಿವನೇ ಪ್ರತ್ಯಕ್ಷನಾದರೂ ನಮ್ಮ ದೊಡ್ಡಪ್ಪ ತಕ್ಷಣ ಕೈಮುಗಿಯುವವರಲ್ಲ. ಮೂರನೇ ಕಣ್ಣು ಹಣೆಯ ನಟ್ಟನಡುವೆ ಇದೆಯೋ ಇಲ್ಲವೋ ಎಂದು ಮೊದಲು ಅಳತೆ ತೆಗೆಯುತ್ತಾರೆ! ಉತ್ಪ್ರೇಕ್ಷೆ ಎನ್ನುವವರು ಯಲಹಂಕದ ಅವರ ಮನೆಗೆ ಒಮ್ಮೆ ಊಟಕ್ಕೆ ಹೋಗಿ ಬನ್ನಿ. ರೊಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿಯೇ ತಟ್ಟೆಗೆ ಹಾಕಿಕೊಳ್ಳುತ್ತಾರೆ. ಧಾರವಾಡದ ಕಡೆಯಿಂದ ಬಂದು, ಯಶವಂತಪುರದ ಕಾರ್ಖಾನೆಯೊಂದರಲ್ಲಿ ಜೀವಮಾನವಿಡೀ ಬಿಡಿಭಾಗಗಳ ತಪಾಸಣೆ ಮಾಡಿ, ಸರಿಯಿಲ್ಲದ್ದಕ್ಕೆಲ್ಲ ಕೆಂಪು ಚೀಟಿ ಅಂಟಿಸಿ ನಿವೃತ್ತರಾದವರು. ಕೆಲಸ ಬಿಟ್ಟರು, ಚೀಟಿ ಬಿಡಲಿಲ್ಲ.

ಇಂಥವರ ಕೈಗೆ ನಾನು ಸಿಕ್ಕಿಬಿದ್ದದ್ದು ದೊಡ್ಡಮ್ಮನಿಗಾಗಿ. ಅವರ ಬಡಾವಣೆಯಲ್ಲಿ ಸೋಮವಾರದ ಭಜನಾ ಮಂಡಳಿ ಇದೆ. ಹಿಂದೆಲ್ಲ ಶಿವಸ್ತೋತ್ರವನ್ನು ದೊಡ್ಡಮ್ಮ ಹೇಳಿಕೊಟ್ಟಂತೆ ಉಳಿದವರು ಹೇಳುತ್ತಿದ್ದರು. ಈಗ ಎಲ್ಲರ ಕೈಯಲ್ಲೂ ಮೊಬೈಲು. ಒಬ್ಬೊಬ್ಬರದು ಒಂದೊಂದು ಜಾಲತಾಣ. ಒಬ್ಬರು ಮೂರನೇ ಶ್ಲೋಕದಲ್ಲಿದ್ದರೆ ಇನ್ನೊಬ್ಬರು ಮಂಗಳ ಹಾಡಿ ಪ್ರಸಾದಕ್ಕೆ ಕೈ ಚಾಚಿರುತ್ತಾರೆ! ಒಂದು ದಿನ ಯಾರೋ, "ಆಂಟಿ, ನೀವು ಹೇಳ್ತಿರೋದು ತಪ್ಪು, ನೋಡಿ, ಇಲ್ಲಿ ಬೇರೆ ಥರ ಇದೆ" ಅಂದುಬಿಟ್ಟರು. ದೊಡ್ಡಮ್ಮ ಮನೆಗೆ ಬಂದವರು ಮತ್ತೆ ಭಜನೆಗೆ ಹೋಗಲೇ ಇಲ್ಲ. ಮನೆಯಲ್ಲಿ ಗುನುಗುವುದೂ ನಿಂತಿತು.

ಹೆಬ್ಬಾಳದ ಆಫೀಸಿನಲ್ಲಿ ಆಪ್ ಬರೆಯುವುದೇ ನನ್ನ ಹೊಟ್ಟೆಪಾಡು. ನಾನು ಧಾರಾಳವಾಗಿ ಹೇಳಿದೆ: "ಮಂಡಳಿಗೇ ಒಂದು ಆಪ್ ಮಾಡಿಕೊಡ್ತೀನಿ. ಎಲ್ಲರಿಗೂ ಒಂದೇ ಪಾಠ. ಯಾವ ಸೈಟಿಂದ ತಗೊಳ್ಳೋದು ಅಂತ ನೋಡಿದ್ರೆ ಸಾಕು."

"ಅದನ್ನ ನನಗ ಬಿಡು ತಂಗಿ" ಅಂದರು ದೊಡ್ಡಪ್ಪ. ಬಿಟ್ಟೆ. ಕೆಟ್ಟೆ!

ಮೊದಲ ಜಾಲತಾಣ ನೋಡಿದವರೇ, "ಇದು ಯಾರ ಮಾಲು?" ಅಂದರು. ಯಾರೋ ಭಕ್ತರು ಹಾಕಿದ್ದು ಎಂದೆ. "ಭಕ್ತಿ ಇದ್ರ ಸಾಕೇನು? ತಪಾಸಣಾ ಪತ್ರ ಎಲ್ಲೈತಿ?" ಎಂದು ಸೈಟಿನವರಿಗೇ ಫೋನು ಹಚ್ಚಿದರು. ಫೋನೆತ್ತಿದ ಪುಣ್ಯಾತ್ಮ ಮುಕ್ಕಾಲು ಗಂಟೆ ಬೈಸಿಕೊಂಡು, ಕೊನೆಗೆ, "ಸಾರ್, ನಾನು ವಾಚ್‌ಮನ್" ಅಂದನಂತೆ.

ಎರಡನೆಯದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಸ್ಯಾಂಪಲ್ ಪರೀಕ್ಷೆಗೆಂದು ಮಂಡಳಿಯ ಅಧ್ಯಕ್ಷೆಗೆ ಕೊಟ್ಟರು. ಯಲಹಂಕದ ಪಕ್ಕದ ಸಿಂಗಾಪುರ ಹಳ್ಳಿಯ ಹಳೆಯ ಒಕ್ಕಲು ಮನೆತನದ ಆ ತಾಯಿ ಭಕ್ತಿಯಿಂದ ಕಣ್ಣು ಅರೆಮುಚ್ಚಿ ಓದತೊಡಗಿದರು. ನಾಲ್ಕನೇ ಶ್ಲೋಕ ಮುಗಿದದ್ದೇ ಅದೇ ರಾಗದಲ್ಲಿ, "ಮೊಣಕಾಲು ನೋವಿಗೆ ಒಂದೇ ಎಣ್ಣೆ, ಇಂದೇ ಕೊಳ್ಳಿರಿ" ಎಂದರು. ಹಿಂದೆ ಕೂತ ಹನ್ನೆರಡು ಹೆಂಗಸರು "ನಮಃ ಶಿವಾಯ" ಅಂದೇಬಿಟ್ಟರು! ಆಮೇಲೆ ಅಧ್ಯಕ್ಷೆ ಕನ್ನಡಕ ತೆಗೆದು, "ಇದ್ಯಾಕಮ್ಮಾ ಇಂಗೆ? ಶಿವನಿಗೂ ಮಂಡಿನೋವಾ?" ಎಂದು ನನ್ನನ್ನೇ ಕೇಳಿದರು. ಕೆಂಪು ಚೀಟಿ.

ಮೂರನೆಯದು ವಿದ್ವಾಂಸರು ತಿದ್ದಿದ್ದು. ಒಂದು ತಪ್ಪಿಲ್ಲ, ಕೆಳಗೆ ಪಾಠಾಂತರಗಳ ಟಿಪ್ಪಣಿ ಬೇರೆ. ಇದಾದರೂ ಪಾಸಾಗುತ್ತದೆ ಅಂದುಕೊಂಡೆ. ದೊಡ್ಡಪ್ಪ ಟಿಪ್ಪಣಿ ನೋಡಿ, "ಒಂದ ಬೋಲ್ಟಿಗೆ ನಾಕ್ ನಮೂನಿ ನಟ್ ಕೊಡ್ತಾರಲ್ಲ, ಇವರನ್ನ ಕಾರ್ಖಾನಿ ಒಳಗ ಯಾರು ಬಿಟ್ರು?" ಅಂದು ಕೆಂಪು ಚೀಟಿಯನ್ನು ನನ್ನ ಲ್ಯಾಪ್‌ಟಾಪಿಗೇ ಅಂಟಿಸಿದರು. ಅದನ್ನು ನೋಡದೆ ಆಫೀಸಿಗೆ ಹೋದೆ. ಆ ದಿನವಿಡೀ ನನ್ನ ಬೆನ್ನ ಹಿಂದೆ ನಗು.

ಆರು ಸೋಮವಾರ ಕಳೆದವು. ದೊಡ್ಡಮ್ಮ ಸಂಜೆಯಾದರೆ ಗೇಟಿನ ಬಳಿ ನಿಂತು, ಭಜನೆಗೆ ಹೋಗುವವರನ್ನು ನೋಡಿ ಒಳಗೆ ಬರುತ್ತಿದ್ದರು. ಒಂದು ಬೆಳಿಗ್ಗೆ ಹೆಬ್ಬಾಳದ ಮೇಲ್ಸೇತುವೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾಗ ದೊಡ್ಡಪ್ಪನ ಫೋನು: "ಏಳನೇ ಸೈಟೂ ಅಳತಿ ಗೇಜಿಗೆ ಕೂಡವಲ್ದು."

"ಯಾವ ಗೇಜು ದೊಡ್ಡಪ್ಪ?" ಕಿರುಚಿದೆ. "ಯಾವುದಕ್ಕೆ ಹೋಲಿಸಿ ನೋಡ್ತಿದ್ದೀರಾ ನೀವು?"

"ನಿಮ್ ದೊಡ್ಡಮ್ಮಗ. ಮತ್ಯಾರಿಗೆ?" ಎಂದು ಫೋನಿಟ್ಟರು.

ಆಫೀಸಿಗೆ ಹೋಗಲಿಲ್ಲ. ಅಲ್ಲಿಂದಲೇ ತಿರುಗಿ ಯಲಹಂಕಕ್ಕೆ ಬಂದು, ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. "ನೀವು ಹೇಳಿ ದೊಡ್ಡಮ್ಮ, ನಾನು ಟೈಪ್ ಮಾಡ್ತೀನಿ."

"ಬ್ಯಾಡವಾ, ನಂದು ತಪ್ಪಂತ. ನಮ್ಮವ್ವ ಹೇಳಿಕೊಟ್ಟಿದ್ದು, ಆಕಿಗೆ ಓದಾಕ ಬರ್ತಿದ್ದಿಲ್ಲ."

ಕಾಡಿ ಬೇಡಿದ ಮೇಲೆ ಬೀನ್ಸ್ ಮುರಿಯುತ್ತ ಸಣ್ಣ ದನಿಯಲ್ಲಿ ಶುರುಮಾಡಿದರು. ಎಷ್ಟು ಚೆಂದದ ದನಿ! ಯಾವ ಜಾಲತಾಣದಲ್ಲೂ ಇಲ್ಲದ ಎರಡು ಶ್ಲೋಕಗಳಿದ್ದವು. ಏಳನೆಯದಕ್ಕೆ ಬಂದಾಗ ದನಿ ನಿಂತಿತು. ಮತ್ತೆ ಹೇಳಿ ನೋಡಿದರು, ಮತ್ತೆ ಅಲ್ಲೇ ನಿಂತಿತು. ಕಣ್ಣಲ್ಲಿ ನೀರಾಡಿತು. "ನೋಡಿದಿ? ಹೇಳೋದು ಬಿಟ್ಟು ಮರ್ತ ಹೋತು. ಅವರಂದಿದ್ದ ಖರೆ."

ಆಗ ಹಜಾರದಿಂದ ಒಂದು ದನಿ ಕೇಳಿತು. ಶ್ರುತಿಯಿಲ್ಲ, ತಾಳವಿಲ್ಲ, ಒಡಕು ಗಂಟಲು. ಏಳನೇ ಶ್ಲೋಕದ ಮುಂದಿನ ಸಾಲು, ಅದರ ಮುಂದಿನ ಸಾಲು, ದೊಡ್ಡಮ್ಮ ಉಸಿರು ತೆಗೆದುಕೊಳ್ಳುವ ಜಾಗದಲ್ಲೇ ಉಸಿರು ತೆಗೆದುಕೊಂಡು ದೊಡ್ಡಪ್ಪ ಹೇಳುತ್ತಿದ್ದರು! ಜನ್ಮದಲ್ಲಿ ಒಂದು ಸ್ತೋತ್ರ ಬಾಯಿಬಿಟ್ಟು ಹೇಳಿದವರಲ್ಲ ಅವರು.

ದೊಡ್ಡಮ್ಮ ಬೆರಗಾಗಿ, "ನಿಮಗ ಹೆಂಗ ಬರ್ತೈತ್ರೀ?" ಅಂದರು.

"ದಿನಾ ಮುಂಜಾನೆ ಹೇಳ್ತಿದ್ದಿ. ನಾ ಇಲ್ಲೇ ದಾಡಿ ಮಾಡ್ಕೋತ ಕೇಳ್ತಿದ್ದೆ" ಎಂದು ಬಾಗಿಲಿಗೆ ಬಂದು ನಿಂತರು ದೊಡ್ಡಪ್ಪ. "ಈಗ ಎರಡು ತಿಂಗಳಾತು, ಮನಿ ಮನಿ ಅನಸವಲ್ದು."

ನನಗೆ ಅಕ್ಷರಗಳೇ ಕಾಣಲಿಲ್ಲ, ಅಷ್ಟು ಅಳು ಬಂತು. ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಎಂಟನೇ ಶ್ಲೋಕವನ್ನು ಇಡೀ ಬೀದಿಗೆ ಕೇಳುವಂತೆ ಎತ್ತಿದರು.