ಅಂದಾನೆಪ್ಪ ಕಾಕಾನ ಹಟಮಾರಿ ಪೆಟ್ಟಿಗೆಗಳು

“ಅಕ್ಕೋರ, ಲಗೂ ಬರ್ರಿ! ಇನ್ನ ಐದು ಮಿನಿಟಿನ್ಯಾಗ ಜಗತ್ತ ಬದಲಾಗ್ತೈತಿ!”

ಪಕ್ಕದ ಮನೆಯ ಅಂದಾನೆಪ್ಪ ಕಾಕಾ ಕೂಗಿದಾಗ ನಾನು ಪಾಠ ಮಾಡಲು ಶಾಲೆಗೆ ಹೊರಟಿದ್ದೆ. ಅವರು ಹುಬ್ಬಳ್ಳಿಯಲ್ಲಿ ಟೆಲಿಫೋನ್ ರಿಪೇರಿ ಮಾಡಿ ನಿವೃತ್ತರಾದವರು. ಹೆಂಡತಿ, ನಮ್ಮ ಕಾಕು, ತೀರಿಕೊಂಡ ಮೇಲೆ ಗುಜರಿ ಸಾಮಾನೇ ಅವರಿಗೆ ಸಂಸಾರ. ಈಗ ಓಣಿಯ ಐದೂ ಮನೆಗಳಿಗೆ ತಂತಿಯ ಜಾಲ ಹೆಣೆದು ಒಂದೊಂದು ಪೆಟ್ಟಿಗೆ ಕೂರಿಸಿದ್ದರು. ಒಂದರಲ್ಲಿ ಟೈಪ್ ಮಾಡಿದ್ದು ಉಳಿದವುಗಳಲ್ಲಿ ಕಾಗದದ ಪಟ್ಟಿಯ ಮೇಲೆ ಅಚ್ಚಾಗಬೇಕು!

“ನಡುವ ತಂತಿ ಹರದ್ರ?” ಎಂದು ಕೇಳಿದೆ.

“ಬ್ಯಾರೆ ಮನಿ ಸುತ್ತಿ ಬರ್ತೈತಿ!”

“ಯಾರೂ ಉತ್ತರ ಕೊಡದಿದ್ರ?”

“ಕೊಡೂತನಕ ಕೇಳ್ತೈತಿ. ಭಾಳ ಹಟಮಾರಿ!”

ಕಾಕಾ ತಮ್ಮ ಮನೆಯಲ್ಲಿ ಕೂತು “ಯಾರರ ಅದೀರೇನು?” ಎಂದು ಟೈಪ್ ಮಾಡಿದರು. ನನ್ನ ಪೆಟ್ಟಿಗೆ “ಯಾ” ಎಂದಷ್ಟೇ ಅಚ್ಚೊತ್ತಿ ಉಸಿರು ಬಿಟ್ಟಿತು! ಅವರು ಓಡಿ ಬಂದು ಒಂದು ಗುದ್ದು ಕೊಟ್ಟರು. ಪೂರ್ತಿ ಸಾಲು ಬಂತು. ನಾನು ಚಪ್ಪಾಳೆ ತಟ್ಟಿ, ಉತ್ತರ ಬರೆಯದೆ ಶಾಲೆಗೆ ಓಡಿದೆ. ಉಳಿದವರೂ ತಂತಮ್ಮ ಕೆಲಸಕ್ಕೆ ಹೋದರು.

ಸಂಜೆ ಬಂದರೆ ನನ್ನ ಪಡಸಾಲೆಯಲ್ಲಿ ಮೊಣಕಾಲಮಟ್ಟ ಕಾಗದ! ಸಾಲುಸಾಲಿಗೂ “ಯಾರರ ಅದೀರೇನು?” ಎದುರುಮನೆ ಖಾಜಾಬಿಯ ಕೋಳಿ ಪಟ್ಟಿ ಸುತ್ತಿಕೊಂಡು ಮದುಮಗಳಂತೆ ಓಡುತ್ತಿತ್ತು.

“ಅದೀನಿ ಅಂತ ನೂರು ಸಲ ಒತ್ತೀನಿ, ಬಿಡವಲ್ದು!” ಕಡೆಯ ಮನೆಯ ಹವಾಲ್ದಾರ್ ಬಸಲಿಂಗಪ್ಪ ಗುಡುಗಿದರು.

ಕಾಕಾ ತಲೆ ಕೆರೆದುಕೊಂಡರು. “ನಾ ಕೇಳಾಕತ್ತಿಲ್ಲೊ! ಪೆಟ್ಟಿಗಿಗೋಳು ಒಂದನ್ನೊಂದು ಕೇಳಾಕತ್ತಾವು. ನಕಲು ಬಂದ್ರ ಹೊಸಾದಂತ ತಿಳದು ಮುಂದ ಕಳಸ್ತಾವು!”

ಒಂದನ್ನು ಬಂದ್ ಮಾಡಿ ಹಚ್ಚಿದರೆ, ಪಕ್ಕದ್ದು ಅದಕ್ಕೆ ಮತ್ತೆ ರೋಗ ಅಂಟಿಸುತ್ತಿತ್ತು. ಕೊನೆಗೆ ಹವಾಲ್ದಾರರು ಸೀಟಿ ಊದಿದರು. ಐದೂ ಮನೆಯವರು ಒಮ್ಮೆಲೇ ತಂತಿ ಕಿತ್ತೆವು. ಓಣಿ ಗಪ್ಪಾಯಿತು.

“ಕಲತ್ನಿ. ಮೂರು ಸಲ ಕೇಳಬೇಕು, ಆಮ್ಯಾಲೆ ಸುಮ್ಮನಾಗಬೇಕು” ಎಂದರು ಕಾಕಾ.

ಮರುದಿನ ಎಲ್ಲರೂ ಪೆಟ್ಟಿಗೆ ಹಿಂದಿರುಗಿಸಿದರು. ನಾನೂ ಪರೀಕ್ಷೆಯ ನೆಪ ಹೇಳಿ ಕೊಟ್ಟುಬಿಟ್ಟೆ. ಕಾಕಾ ಧೂಳು ಒರೆಸಿ ಒಳಗಿಟ್ಟುಕೊಂಡರು.

ವಾರದ ನಂತರ ಅವರ ಮನೆಗೆ ಹೋದೆ. ಪಡಸಾಲೆಯಲ್ಲೊಂದು ಪೆಟ್ಟಿಗೆ, ಅಡುಗೆಮನೆಯಲ್ಲೊಂದು. ಕಾಕಾ ಇಲ್ಲಿ ಕೂತು “ಊಟ ಆತೇನು?” ಎಂದು ಒತ್ತಿದರು. ಎದ್ದು ಒಳಗೆ ಹೋಗಿ ಓದಿ, “ಆತು” ಎಂದು ಒತ್ತಿ, ತಿರುಗಿ ಬಂದು ಉತ್ತರ ನೋಡಿ ತಲೆಯಾಡಿಸಿದರು.

ನಾನು ಬಾಗಿಲಲ್ಲೇ ನಿಂತು ಕೇಳಿದೆ: “ಹೆಂಗ ನಡದೈತಿ, ಕಾಕಾ?”

“ಅಗದೀ ಛಲೋ, ಅಕ್ಕೋರ! ಒಬ್ಬಾವನ ಇದ್ರ ಜಾಲ ಎಂದೂ ಕೆಡೂದಿಲ್ಲ.”