ಮನೆ ಖಾಲಿ ಇದೆ, ಫ್ಯಾಮಿಲಿಗೆ ಮಾತ್ರ

ಕೆಲವರಿಗೆ ದಾರಿಯಲ್ಲಿ ಹಳೆಯ ಗೆಳೆಯರು ಸಿಗುತ್ತಾರೆ, ಕೆಲವರಿಗೆ ಬಿದ್ದ ಪರ್ಸು ಸಿಗುತ್ತದೆ. ನನಗೆ ಸಿಗುವುದು ಇಂಥ ಪ್ರಸಂಗಗಳು. ಮನೆ ಹುಡುಕಲು ಹೊರಟರೆ ಸಾಕು, ಮನೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ. ಕೇಳಿದವರು ನಗುತ್ತಾರೆ. ಈಗೀಗ ನಾನೂ ನಗುತ್ತೇನೆ. ಆಗುವಾಗ ಮಾತ್ರ ಒಂದಕ್ಕೂ ನಗು ಬಂದದ್ದಿಲ್ಲ.

ನಾನು ದೋಹಾದ ಒಂದು ಕಟ್ಟಡ ಕಂಪೆನಿಯಲ್ಲಿ ಸ್ಟೋರ್‌ಕೀಪರ್. ಮಗಳಿಗೆ ಎರಡು ವರ್ಷವಿದ್ದಾಗ ವಿಮಾನ ಹತ್ತಿದವನು, ಹನ್ನೊಂದು ವರ್ಷ ಕಂಪೆನಿಯ ಕ್ಯಾಂಪಿನಲ್ಲೇ ಕಳೆದೆ. ಹೆಂಡತಿ, ಮಗಳು ಪುತ್ತೂರಿನಲ್ಲಿ, ನನ್ನ ಅತ್ತೆಯ ಜೊತೆ. ಹೋದ ವರ್ಷ ಸಂಬಳ ಏರಿ, ಸಂಸಾರವನ್ನು ಕರೆಸಿಕೊಳ್ಳುವ ಯೋಗ್ಯತೆ ಬಂತು. ಆದರೆ ಅವರ ವೀಸಾಕ್ಕೆ ಅರ್ಜಿ ಹಾಕಲು ಮೊದಲು ನನ್ನ ಹೆಸರಿನಲ್ಲಿ ಬಾಡಿಗೆ ಮನೆಯ ಎಗ್ರಿಮೆಂಟು ಬೇಕು.

ಹೆಂಡತಿ ಗಡುವು ಹಾಕಿದಳು. "ಏಪ್ರಿಲ್ ಒಳಗೆ ಆಗಬೇಕು. ಒಂಬತ್ತನೇ ಕ್ಲಾಸಿಗೆ ಹೋದ ಮೇಲೆ ಮಗಳ ಶಾಲೆ ಬದಲಾಯಿಸ್ಲಿಕ್ಕೆ ಆಗುವುದಿಲ್ಲ. ಆಮೇಲೆ ನಾವು ಬರುವ ಆಸೆ ನೀವು ಬಿಟ್ಟುಬಿಡಿ."

ಆಗ ಆಗಸ್ಟ್. ಎಂಟು ತಿಂಗಳಲ್ಲಿ ಒಂದು ಮನೆ ಸಿಗದೆ ಹೋಗುತ್ತದೆಯೇ ಅಂದುಕೊಂಡೆ. ಅಂದುಕೊಳ್ಳುವುದಕ್ಕೆ ಬಾಡಿಗೆ ಕೊಡಬೇಕಾಗಿಲ್ಲವಲ್ಲ.

ನಾನು ಬ್ಯಾಚುಲರ್ ಆದದ್ದು

ರಜೆಯ ಶುಕ್ರವಾರ. ಬಿಸಿಲಿಗೆ ನನ್ನ ಚಪ್ಪಲಿಯ ಅಂಟು ಕರಗಿ ಅಡಿ ಬೇರೆ, ಮೇಲೆ ಬೇರೆ ಆಗಿತ್ತು. ಬಿನ್ ಒಮ್ರಾನ್ ಬಡಾವಣೆಯ ಒಂದು ಕಟ್ಟಡದ ಗೋಡೆಯಲ್ಲಿ "ಫ್ಲ್ಯಾಟ್ ಖಾಲಿ ಇದೆ, ಫ್ಯಾಮಿಲಿಗೆ ಮಾತ್ರ" ಎಂದು ಬೋರ್ಡು ಕಂಡಿತು. ಚಪ್ಪಲಿಯನ್ನು ಎಳೆದುಕೊಂಡೇ ಒಳಗೆ ಹೋದೆ. ವಾಚ್‌ಮನ್ ಹಿಂದಿಯಲ್ಲಿ ವಿಚಾರಣೆ ಶುರು ಮಾಡಿದ.

"ಫ್ಯಾಮಿಲಿಯಾ, ಬ್ಯಾಚುಲರಾ?"

"ಮದುವೆಯಾಗಿ ಹದಿನೈದು ವರ್ಷ ಆಯಿತು."

"ಅದನ್ನು ಕೇಳಲಿಲ್ಲ. ಹೆಂಡತಿ ಎಲ್ಲಿದ್ದಾರೆ?"

"ಊರಲ್ಲಿ."

"ಹಾಗಾದರೆ ಬ್ಯಾಚುಲರ್."

ಈ ದೇಶದಲ್ಲಿ ಹೆಂಡತಿ ಜೊತೆಗಿಲ್ಲದ ಗಂಡಸರೆಲ್ಲ ಬ್ಯಾಚುಲರ್‌ಗಳೇ. ನಮ್ಮ ಕ್ಯಾಂಪಿನಲ್ಲಿ ಮೊಮ್ಮಕ್ಕಳಿರುವ ಬ್ಯಾಚುಲರ್‌ಗಳು ಮೂವರಿದ್ದಾರೆ. ನನಗೆ ಇದು ಗೊತ್ತಿಲ್ಲದ್ದೇನಲ್ಲ, ಆದರೂ ಸಿಟ್ಟು ಬಂತು. ಫೋನು ತೆಗೆದು ಮದುವೆಯ ಫೋಟೊ ತೋರಿಸಿದೆ. ವಾಚ್‌ಮನ್ ಅದನ್ನು ದೊಡ್ಡದು ಮಾಡಿ ನೋಡಿದ.

"ಚೆನ್ನಾಗಿದೆ. ಆಗ ನಿಮಗೆ ಕೂದಲು ಇತ್ತು," ಅಂದ. "ಆದರೆ ಫೋಟೊಕ್ಕೆ ಫ್ಲ್ಯಾಟ್ ಕೊಡುವುದಿಲ್ಲ."

ಮನೆ ಸಿಗಬೇಕಾದರೆ ಹೆಂಡತಿ ಇಲ್ಲಿರಬೇಕು. ಹೆಂಡತಿ ಇಲ್ಲಿಗೆ ಬರಬೇಕಾದರೆ ಮನೆ ಸಿಗಬೇಕು. ಈ ಕಗ್ಗಂಟನ್ನು ಫೋನಿನಲ್ಲಿ ಹೆಂಡತಿಗೆ ವಿವರಿಸುತ್ತ, "ಇವರ ಲೆಕ್ಕದಲ್ಲಿ ನಾನು ಬ್ಯಾಚುಲರ್ ಅಂತೆ" ಎಂದು ನಗಲು ನೋಡಿದೆ.

"ಹಾಗಾದರೆ ಹನ್ನೊಂದು ವರ್ಷದಿಂದ ನಾನು ಎಂತ?" ಅಂದಳು. "ಅದನ್ನೂ ಆ ವಾಚ್‌ಮನ್ ಹತ್ತಿರವೇ ಒಮ್ಮೆ ಕೇಳಿ ಬನ್ನಿ."

ಅರ್ಧ ಏಸಿ

ಒಬ್ಬನೇ ಅಲೆದು ಸಾಕಾಗಿ ಒಬ್ಬ ಬ್ರೋಕರನ್ನು ಹಿಡಿದೆ. ಉಳ್ಳಾಲದ ಬ್ಯಾರಿ ಮುಸಲ್ಮಾನರು, ಮೂವತ್ತು ವರ್ಷದಿಂದ ಇಲ್ಲೇ ಇರುವವರು. ನಾವಿಬ್ಬರೂ ಮಾತಾಡುವುದು ತುಳುವಿನಲ್ಲಿ, ನಿಮಗಾಗಿ ಕನ್ನಡ ಮಾಡಿದ್ದೇನೆ.

"ಐನ್ ಖಾಲಿದ್‌ನಲ್ಲಿ ಒಂದು ಫಸ್ಟ್‌ಕ್ಲಾಸ್ ವಿಲ್ಲಾ ಉಂಟು ಮಾರಾಯ್ರೆ, ನಿಮ್ಮನ್ನು ಯಾರೂ ಬ್ಯಾಚುಲರ್ ಅಂತ ಕೇಳುವುದಿಲ್ಲ. ಯಲ್ಲಾ, ಹೊರಡಿ."

ವಿಲ್ಲಾ ಇದ್ದದ್ದು ನಿಜ. ಅದರೊಳಗೆ ಒಂಬತ್ತು ಸಂಸಾರಗಳೂ ಇದ್ದವು. ದೊಡ್ಡ ಹಾಲನ್ನು ಹಲಗೆ ಹೊಡೆದು ಎರಡು ಮಾಡಿದ್ದರು. ಒಂದು ಕಡೆ ಯಾರೋ ವಾಸ, ಇನ್ನೊಂದು ಕಡೆ ನನಗೆ. ಅಡಿಗೆಮನೆ ಮೆಟ್ಟಿಲಿನ ಕೆಳಗೆ. ಒಗ್ಗರಣೆ ಹಾಕಬೇಕಾದರೆ ಮಂಡಿಯೂರಬೇಕು. ನಡುವಿನ ಹಲಗೆ ಸರಿಯಾಗಿ ಏಸಿಯ ಮಧ್ಯಕ್ಕೆ ಬಂದಿತ್ತು. ಅರ್ಧ ಏಸಿ ಆಚೆಗೆ, ಅರ್ಧ ಈಚೆಗೆ.

"ರಿಮೋಟ್ ಎಲ್ಲಿ ಸಾಹೇಬ್ರೇ?"

"ರಿಮೋಟ್ ಆಚೆಯವರ ಹತ್ತಿರ. ಒಳ್ಳೆಯ ಜನ. ತಟ್ಟಿದರೆ ಕಡಿಮೆ ಮಾಡ್ತಾರೆ."

ತಟ್ಟಿ ನೋಡಿದೆ. ಆಚೆಯಿಂದ ಮಲಯಾಳದಲ್ಲಿ, ಮಗು ಈಗಷ್ಟೇ ಮಲಗಿದೆ ಎಂಬ ಉತ್ತರ ಬಂತು. ಆದರೂ ನನಗೆ ಆಸೆ ಹುಟ್ಟಿತು. ಸೆಖೆಯಾದರೆ ಆಗಲಿ, ಒಂದು ಮಂಚದ ಪಕ್ಕ ಮಗಳದೊಂದು ಚಿಕ್ಕ ಮಂಚ ಹಿಡಿಯುತ್ತದೆ ಎಂದು ಹೆಜ್ಜೆಯಲ್ಲಿ ಅಳೆದೂ ನೋಡಿದೆ. ಎಗ್ರಿಮೆಂಟು ಯಾವಾಗ ಮಾಡಿಸೋಣ ಎಂದು ಕೇಳಿದೆ.

"ಎಗ್ರಿಮೆಂಟು ಮಾಫಿ," ಅಂದರು, ಇಲ್ಲವೇ ಇಲ್ಲ ಎಂಬಂತೆ ಕೈ ಕೊಡವಿ.

"ಎಗ್ರಿಮೆಂಟು ಇಲ್ಲದಿದ್ದರೆ ಇದು ನನಗೆ ಎಂತಕ್ಕೆ?"

"ಎಂತ ಮಾರಾಯ್ರೆ, ಹೀಗೆ ತುಂಡು ಮಾಡುವುದು ಇಲ್ಲಿ ಕಾನೂನಿಗೆ ಆಗುವುದಿಲ್ಲ. ಎಗ್ರಿಮೆಂಟು ಕೊಟ್ಟರೆ ಈ ಮನೆ ಉಂಟು ಅಂತ ಒಪ್ಪಿಕೊಂಡ ಹಾಗೆ ಆಗುತ್ತದಲ್ಲ!"

ಕಡಲು ಯಾವ ಕಡೆ

ಮುಂದಿನ ನಾಲ್ಕು ತಿಂಗಳಲ್ಲಿ ನೋಡಿದ ಮನೆಗಳನ್ನು ವರ್ಣಿಸಿದರೆ ನಿಮಗೂ ಬೇಸರ, ನನಗೂ. ಜನವರಿ ಕೊನೆಗೆ ಅಲ್ ಮುಂತಜಾದಲ್ಲಿ ಒಂದು ಮನೆ ಸಿಕ್ಕಿತು. ಹಳೆಯ ಕಟ್ಟಡ, ಮೂರನೇ ಮಹಡಿ, ಎರಡು ಕೋಣೆ, ಒಂದು ಇಡೀ ಏಸಿ. ಕೆಳಗೆ ಕಿರಾಣಿ ಅಂಗಡಿ, ಶಾಲೆಯ ಬಸ್ಸು ಬಾಗಿಲಿಗೇ ಬರುತ್ತದೆ. ಮಾಲೀಕರು ಬ್ರೋಕರರ ಪರಿಚಯದವರಾದ್ದರಿಂದ ಎಗ್ರಿಮೆಂಟಿಗೂ ಒಪ್ಪಿದ್ದರು. ಸಂಜೆಯೊಳಗೆ ಹೌದೋ ಅಲ್ಲವೋ ಹೇಳಬೇಕಿತ್ತು.

ನಾನು ಬಾಗಿಲಲ್ಲೇ ನಿಂತು ಊರಿಗೆ ಫೋನು ಮಾಡಿದೆ. ಅತ್ತೆ ಎತ್ತಿದರು. ನಮ್ಮಲ್ಲಿ ಮನೆಯ ವಿಷಯ ಅತ್ತೆಯವರನ್ನು ದಾಟಿ ಮುಂದೆ ಹೋಗುವುದಿಲ್ಲ.

"ಬಾಗಿಲು ಯಾವ ಕಡೆಗೆ ಉಂಟು?" ಮೊದಲ ಪ್ರಶ್ನೆಯೇ ಅದು.

ಅಂದು ಧೂಳು ಎದ್ದಿತ್ತು. ಆಕಾಶವೆಲ್ಲ ಮಣ್ಣಿನ ಬಣ್ಣ, ಸೂರ್ಯನ ಪತ್ತೆಯಿಲ್ಲ. ಆದರೆ ಬಾಗಿಲ ಎದುರಿನ ಬೀದಿಯಲ್ಲಿ ನೆಟ್ಟಗೆ ಹೋದರೆ ಕಡಲು ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

"ಕಡಲಿನ ಕಡೆಗೆ ಅತ್ತೆ."

"ಅಯ್ಯೋ ದೇವರೇ, ಪಡುವಣಕ್ಕಾ! ಪಡುವಣದ ಬಾಗಿಲು ನಮ್ಮ ಕುಟುಂಬಕ್ಕೆ ಆಗಿ ಬರುವುದಿಲ್ಲ. ನನ್ನ ಮಗಳನ್ನು ಅಂಥ ಮನೆಗೆ ನಾನು ಕಳಿಸ್ಲಿಕ್ಕಿಲ್ಲ. ಬೇಡ ಅಂತ ಹೇಳಿ ಬನ್ನಿ ನೀವು."

ಬೇಡ ಎಂದು ಹೇಳಿ ಬಂದೆ. ಎಗ್ರಿಮೆಂಟು, ಇಡೀ ಏಸಿ, ಶಾಲೆಯ ಬಸ್ಸು ಎಲ್ಲವನ್ನೂ ಬಿಟ್ಟು ಬಂದೆ. ಮರುದಿನವೇ ಯಾರೋ ಆ ಮನೆ ಹಿಡಿದರು. ವಾರ ಕಳೆದ ಮೇಲೆ ಬ್ರೋಕರ್ ಸಿಕ್ಕಿ, ಅಷ್ಟು ಒಳ್ಳೆಯ ಮನೆ ಯಾಕೆ ಬಿಟ್ಟಿರಿ ಎಂದು ಕೇಳಿದರು. ಕಾರಣ ಹೇಳಿದೆ.

"ಮಾರಾಯ್ರೆ, ಕಡಲು ಪಡುವಣಕ್ಕೆ ಇರುವುದು ಮಂಗಳೂರಿನಲ್ಲಿ! ದೋಹಾದಲ್ಲಿ ಕಡಲು ಮೂಡು ದಿಕ್ಕಿಗೆ. ನಾವು ನಮಾಜಿಗೆ ನಿಲ್ಲುವುದು ಕಡಲಿಗೆ ಬೆನ್ನು ಹಾಕಿ ಅಲ್ಲವಾ?"

ಹನ್ನೊಂದು ವರ್ಷ ಈ ಕಡಲಿನ ಮೇಲೆ ಸೂರ್ಯ ಹುಟ್ಟುವುದನ್ನು ಕಂಪೆನಿಯ ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಆದರೂ ತಲೆಯೊಳಗಿನ ಕಡಲು ಪಣಂಬೂರಿನದ್ದೇ. ಅಂದು ಕ್ಯಾಂಪಿನ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ನಾಚಿಕೆಯೇನಿಲ್ಲ, ಅತ್ತದ್ದು ನಿಜ. ಹೆಂಡತಿ ಎರಡು ದಿನ ಮಾತು ಬಿಟ್ಟಳು. ಅತ್ತೆಯವರು ಮಾತ್ರ ಸಮಾಧಾನವಾಗಿಯೇ ಇದ್ದರು.

"ನನ್ನದೇನು ತಪ್ಪುಂಟು? ಅಷ್ಟು ಸಂಬಳ ಕೊಡುವ ದೇಶದವರು ಕಡಲನ್ನು ಸರಿಯಾದ ಕಡೆ ಇಟ್ಟುಕೊಳ್ಳಬಾರದಾ?"

ಸಾಕ್ಷಿ

ಮಾರ್ಚ್ ಎರಡನೆಯ ವಾರ. ಕೊನೆಯ ಪ್ರಯತ್ನವೆಂದು ಬ್ರೋಕರ್ ನನ್ನನ್ನು ಒಬ್ಬ ಕತಾರಿ ಹಿರಿಯರ ಮಜ್ಲಿಸ್‌ಗೆ, ಅಂದರೆ ಅವರ ಬೈಠಕ್‌ಖಾನೆಗೆ, ಕರೆದುಕೊಂಡು ಹೋದರು. ಬಿನ್ ಒಮ್ರಾನ್‌ನಲ್ಲಿ ಅವರದೊಂದು ಚಿಕ್ಕ ಫ್ಲ್ಯಾಟು ಖಾಲಿ ಇತ್ತು. ಮಾಲೀಕರು ಕಾಫಿ ಕೊಟ್ಟರು, ಖರ್ಜೂರ ಕೊಟ್ಟರು, ಆಮೇಲೆ ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಆ ಹಳೆಯ ಪ್ರಶ್ನೆಯನ್ನೇ ಕೇಳಿದರು.

"ಫ್ಯಾಮಿಲಿ ಎಲ್ಲಿ?"

ನಾನು ಸುಳ್ಳು ಹೇಳಲಿಲ್ಲ. ಹೇಳುವಷ್ಟು ತ್ರಾಣವೂ ಇರಲಿಲ್ಲ. ಮನೆ ಇಲ್ಲದೆ ವೀಸಾ ಇಲ್ಲ, ವೀಸಾ ಇಲ್ಲದೆ ಅವರು ಬರುವಂತಿಲ್ಲ, ಈ ತಿಂಗಳು ದಾಟಿದರೆ ಮಗಳು ಇನ್ನು ಬರುವುದೇ ಇಲ್ಲ ಎಂದೆ. ಅವರು ಗಡ್ಡ ಸವರಿಕೊಂಡು, "ಮಗಳಿಗೆ ಫೋನು ಮಾಡು" ಅಂದರು.

ವಿಡಿಯೊದಲ್ಲಿ ಮಗಳು ಬಂದಳು, ಶಾಲೆಯ ಯೂನಿಫಾರ್ಮಿನಲ್ಲೇ. ಮಾಲೀಕರು ಫೋನನ್ನು ತಮ್ಮ ಕೈಗೆ ತೆಗೆದುಕೊಂಡು ಇಂಗ್ಲಿಷಿನಲ್ಲಿ ಕೇಳಿದರು.

"ಮಗಳೇ, ನಿನ್ನ ತಂದೆಗೆ ನಾನು ಮನೆ ಕೊಡಬೇಕಂತೆ. ಇವನು ಒಳ್ಳೆಯ ಮನುಷ್ಯನಾ?"

ಅವಳು ಯೋಚಿಸಿದಳು. ಹೂಂ ಎನ್ನಲು ಇಷ್ಟು ಹೊತ್ತು ಬೇಕೇ?

"ನನಗೆ ಸರಿಯಾಗಿ ಗೊತ್ತಿಲ್ಲ ಅಂಕಲ್," ಅಂದಳು ಅವಳೂ ಇಂಗ್ಲಿಷಿನಲ್ಲಿ. "ಅವರು ಅಲ್ಲೇ ಇರುವುದಲ್ವಾ? ನಿಮಗೇ ಜಾಸ್ತಿ ಗೊತ್ತಿರಬೇಕು."

ಮಜ್ಲಿಸ್‌ನಲ್ಲಿ ಕೂತಿದ್ದವರೆಲ್ಲ ನಕ್ಕರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಮಾಲೀಕರು ಮಾತ್ರ ನಗಲಿಲ್ಲ. ಫೋನನ್ನು ನನಗೆ ವಾಪಸು ಕೊಟ್ಟು, ಬ್ರೋಕರರ ಕಡೆ ತಿರುಗಿದರು.

"ಖಲಾಸ್. ಇವನಿಗೆ ಕೀ ಕೊಡು. ಈ ಹುಡುಗಿ ಮೊದಲು ಇಲ್ಲಿಗೆ ಬಂದು ಇವನನ್ನು ನೋಡಲಿ. ಒಳ್ಳೆಯವನಲ್ಲ ಅಂತ ಗೊತ್ತಾದರೆ ಅವಳೇ ಬಂದು ನನಗೆ ಹೇಳಲಿ, ಇವನನ್ನು ಖಾಲಿ ಮಾಡಿಸಿ ಮನೆ ಅವಳ ಹೆಸರಿಗೆ ಬರೆಸುತ್ತೇನೆ."

ಪಕ್ಕದ ಕೋಣೆ

ಏಪ್ರಿಲ್‌ನಲ್ಲಿ ಇಬ್ಬರೂ ಬಂದಿಳಿದರು. ಹೆಂಡತಿ ಎರಡೇ ದಿನದಲ್ಲಿ ಅಡಿಗೆಮನೆಯನ್ನು ವಶಪಡಿಸಿಕೊಂಡಳು. ಮಗಳು ಮಾತ್ರ ನನ್ನ ಹತ್ತಿರ ಬಾಯಿ ಬಿಡಲಿಲ್ಲ. ನಾನು ಹಾಲಿಗೆ ಬಂದರೆ ಎದ್ದು ಕೋಣೆಗೆ ಹೋಗುತ್ತಾಳೆ. ಕೇಳಿದ್ದಕ್ಕೆ "ಹೂಂ", "ಬೇಡ", "ಆಯ್ತು". ನೆಂಟರ ಮನೆಗೆ ಬಂದ ಮಕ್ಕಳು ಹೇಗೋ ಹಾಗೆ, ಕುರ್ಚಿಯ ತುದಿಯಲ್ಲಿ ಕೂರುತ್ತಾಳೆ. ನೀರು ಬೇಕಾದರೂ ನನ್ನನ್ನು ದಾಟಿ ತಾಯಿಯನ್ನು ಕೇಳುತ್ತಾಳೆ. ಎಂಟು ತಿಂಗಳು ಬಿಸಿಲಲ್ಲಿ ಅಲೆದದ್ದು ಇದಕ್ಕೋ ಅನ್ನಿಸಿತು.

ಶಾಲೆ ಶುರುವಾದ ಮೇಲಿನ ಮೊದಲ ಶುಕ್ರವಾರ ಸಂಜೆ ನಾನು ನನ್ನ ಕೋಣೆಯಲ್ಲಿದ್ದೆ, ಅವಳು ಅವಳ ಕೋಣೆಯಲ್ಲಿ. ಹನ್ನೊಂದು ವರ್ಷವೂ ಶುಕ್ರವಾರ ಸಂಜೆ ಐದು ಗಂಟೆಯೆಂದರೆ ನಾನು ಅವಳಿಗೆ ಫೋನು ಮಾಡುವ ಹೊತ್ತು. ಏನು ತೋಚಿತೋ, ಫೋನು ತೆಗೆದು ಅವಳಿಗೇ ವಿಡಿಯೊ ಕಾಲ್ ಮಾಡಿದೆ. ಆಚೆ ಕೋಣೆಯಲ್ಲಿ ರಿಂಗಾದದ್ದು ಗೋಡೆಯ ಮೂಲಕವೇ ಕೇಳಿತು. ಎತ್ತಿದಳು.

"ಅಪ್ಪಾ!" ಎಂದು ಮುಖ ಅರಳಿಸಿದಳು.

ಆಮೇಲೆ ನಲವತ್ತು ನಿಮಿಷ ಅವಳ ಬಾಯಿ ನಿಲ್ಲಲಿಲ್ಲ. ಹೊಸ ಶಾಲೆಯ ಗಣಿತ ಟೀಚರು ಮೂಗಿನಲ್ಲಿ ಮಾತಾಡುತ್ತಾರೆ. ಬಸ್ಸಿನಲ್ಲಿ ಕಾಸರಗೋಡಿನ ಹುಡುಗಿಯೊಬ್ಬಳು ಗೆಳತಿಯಾಗಿದ್ದಾಳೆ. ಇಲ್ಲಿ ನಲ್ಲಿಯ ತಣ್ಣೀರೇ ಬಿಸಿ ಬರುತ್ತದೆ. ಅಮ್ಮ ಅಜ್ಜಿಯನ್ನು ನೆನೆದು ಬಚ್ಚಲಲ್ಲಿ ಅಳುತ್ತಾಳೆ, ಅಪ್ಪನಿಗೆ ಹೇಳಬೇಡ ಅಂದಿದ್ದಾಳೆ. ಎಲ್ಲವನ್ನೂ ಹೇಳಿದಳು, ನನಗೇ ಹೇಳಿದಳು. ನಾನು ಹೂಂಗುಟ್ಟುತ್ತ ಗೋಡೆಗೆ ಒರಗಿಕೊಂಡೆ. ಅವಳ ಮಾತು ಫೋನಿನಿಂದ ಒಮ್ಮೆ, ಗೋಡೆಯಿಂದ ಒಮ್ಮೆ, ಎರಡೆರಡು ಸಲ ಕೇಳುತ್ತಿತ್ತು.

ಮಾತು ಮುಗಿಯಿತು. ಫೋನು ಇಡುವ ಮೊದಲು, ಮಾತು ಕಲಿತಂದಿನಿಂದ ಪ್ರತಿ ಶುಕ್ರವಾರ ಕೇಳುವುದನ್ನೇ ಅವಳು ಕೇಳಿದಳು.

"ಅಪ್ಪಾ, ನೀವು ಯಾವಾಗ ಬರ್ತೀರಿ?"

ಪ್ರತಿ ಶುಕ್ರವಾರ ಹೇಳುವುದನ್ನೇ ನಾನೂ ಹೇಳಿಬಿಟ್ಟೆ.

"ರಜೆ ಸಿಕ್ಕಿದ ಕೂಡಲೇ ಬರ್ತೇನೆ ಮಗಾ."

ಆಮೇಲೆ ಇಬ್ಬರಿಗೂ ಗೊತ್ತಾಯಿತು. ಅವಳು ಪರದೆಯಲ್ಲಿ ನನ್ನನ್ನು ನೋಡುತ್ತಿದ್ದಾಳೆ, ನಾನು ಅವಳನ್ನು. ಯಾರಿಗೂ ಫೋನು ಇಡಲಾಗುತ್ತಿಲ್ಲ. ಅಡಿಗೆಮನೆಯಿಂದ ಕಾವಲಿಯ ಮೇಲೆ ಸಟ್ಟುಗ ಬಡಿದ ಸದ್ದಾಯಿತು, ಹಿಂದೆಯೇ ಹೆಂಡತಿಯ ಧ್ವನಿ.

"ರಜೆ ಕೊಟ್ಟಾಯ್ತು! ದೋಸೆ ತಣ್ಣಗಾಗ್ತಾ ಉಂಟು, ಬನ್ನಿ ಇಬ್ಬರೂ."