ಗಂಡಿನ ಕಡೆಯವರು ಯಾರು?

ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದಿರುವ ನಮ್ಮ ಮೇಡಂ ಆಫೀಸಿನ ಬಾಗಿಲು ತೆಗೆದರೆ ಸಾಕು, ಏನಾದರೊಂದು ಆಗಿಯೇ ಆಗುತ್ತದೆ. ಮೇಡಂ ವಕೀಲರು, ನಾನು ಅವರ ಗುಮಾಸ್ತ. ಹೆಂಗಸನ್ನು ಮೆಚ್ಚಿದ ಹೆಂಗಸು, ಗಂಡಸನ್ನು ಮೆಚ್ಚಿದ ಗಂಡಸು, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು, ಇವರೆಲ್ಲರ ಹಕ್ಕಿಗಾಗಿ ಗುದ್ದಾಡುವವರು ಈ ಸುತ್ತಮುತ್ತ ಅವರೊಬ್ಬರೇ. ಇಪ್ಪತ್ತು ವರ್ಷ ಜೊತೆಗಿದ್ದರೂ ಅವರನ್ನು ಕಂಡರೆ ನನಗಿನ್ನೂ ಬೆರಗು.

೧. ಎಂಥ ದಾವೆ?

ಇಂಥ ಕೇಸುಗಳು ಇನ್ನೂ ಬಾರದಿದ್ದ ಕಾಲದಲ್ಲಿ, ಒಂದು ಸೋಮವಾರ ಇಬ್ಬರು ಹುಡುಗಿಯರು ಬಂದರು. ಒಬ್ಬಳು ಅಜ್ಜಂಪುರದ ಟೈಲರ್, ಇನ್ನೊಬ್ಬಳು ಕಡೂರಿನ ನರ್ಸ್. ಹೆಂಗಸರು ಜೋಡಿಯಾಗಿ ಬಂದರೆ ಆಗಿನ ನನ್ನ ಅನುಭವದಲ್ಲಿ ಅದು ಆಸ್ತಿ ಜಗಳ.

“ಭಾಗದ ದಾವೆನಾಮ್ಮ?” ಎಂದೆ.

“ಅಲ್ಲಣ್ಣ, ನಾವಿಬ್ರೂ ಒಟ್ಟಿಗೇ ಇರ್ಬೇಕು ಅಂತ ಬಂದಿದೀವಿ,” ಎಂದಳು ನರ್ಸ್. “ಇವಳಪ್ಪ, ಮಗಳು ಕಾಣೆಯಾಗವ್ಳೆ ಅಂತ ಕಂಪ್ಲೇಂಟ್ ಕೊಟ್ಟವ್ರೆ. ಕರ್ಕೊಂಡೋಗಿ ಯಾರಿಗೋ ಮದುವೆ ಮಾಡ್ಬಿಡ್ತಾರೆ.”

ಬೇರೆ ಮಾಡಿಕೊಡಿ ಎಂದು ಬಂದವರನ್ನೇ ಕಂಡವನು ನಾನು. ಒಟ್ಟಿಗಿರಿಸಿ ಎನ್ನುವ ಅರ್ಜಿಯ ನಮೂನೆ ನನ್ನ ಬೀರುವಿನಲ್ಲಿ ಇರಲೇ ಇಲ್ಲ.

೨. ಮಗು

ಅಂದೇ ಮೇಡಂ ಅವರಿಬ್ಬರನ್ನೂ ಕರೆದುಕೊಂಡು ಠಾಣೆಗೆ ಹೋದರು, ಹಿಂದೆ ನಾನು. ಟೈಲರ್ ಹುಡುಗಿಯ ಅಪ್ಪ ಆಗಲೇ ಬಂದು ಕೂತಿದ್ದರು.

“ಅದಿನ್ನೂ ಮಗು ಕಣ್ರೀ, ಅದಕ್ಕೇನ್ ಗೊತ್ತಾಗ್ತದೆ!” ಎಂದರು.

ಮಗುವಿಗೆ ಇಪ್ಪತ್ತೇಳು ವರ್ಷ. ಮೇಡಂ ವಯಸ್ಸಿನ ಮಾತೆತ್ತಲಿಲ್ಲ. ಮೆಲ್ಲಗೆ ಕೇಳಿದರು, “ಯಜಮಾನ್ರೇ, ನಿಮ್ಮ ಜಮೀನಿನ ಖಾತೆ ಯಾರು ಮಾಡಿಸಿದ್ದು?”

“ಇನ್ಯಾರು, ಇವಳೇ. ತಾಲೂಕಾಫೀಸಲ್ಲಿ ಎಲ್ಲರ ಹತ್ರ ಜಗಳಾಡಿ ಮಾಡಿಸ್ಕೊಂಡು ಬಂದ್ಲು!” ಹೇಳುವಾಗ ಅವರ ಎದೆ ಉಬ್ಬಿತು. ಹೇಳಿದ ಮೇಲೆ ಇಳಿಯಿತು.

ಇನ್‌ಸ್ಪೆಕ್ಟರು ಪೆನ್ನು ತೆಗೆದು, ಹುಡುಗಿ ಸ್ವಂತ ಇಷ್ಟದಿಂದ ಮನೆ ಬಿಟ್ಟಿದ್ದಾಳೆಂದು ಹೇಳಿಕೆ ಬರೆದುಕೊಂಡರು. ದನಿಯನ್ನೇ ಏರಿಸದೆ ಗೆದ್ದ ಮೇಡಂಗೆ ಕೈಮುಗಿಯಬೇಕೆನ್ನಿಸಿತು. ಹೊರಡುವಾಗ ಇನ್‌ಸ್ಪೆಕ್ಟರು ಹುಡುಗಿಯನ್ನು ಪಕ್ಕಕ್ಕೆ ಕರೆದರು: “ನಂದೂ ಒಂದು ಖಾತೆ ಮೂರು ವರ್ಷದಿಂದ ನಿಂತದೆ ಕಣಮ್ಮ.”

೩. ಬೀಗರ ಊಟ

ಅಪ್ಪ ಮಾತ್ರ “ನನಗೆ ಮಗಳೇ ಇಲ್ಲ” ಎಂದು ಹೋಗಿಬಿಟ್ಟರು. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. “ಇದಕ್ಕೆ ಕೋರ್ಟಿಲ್ಲ ಕಣೇ,” ಎಂದರು ಮೇಡಂ. ಆದರೆ ಅಲ್ಲಿಂದಾಚೆ ಪ್ರತಿ ಭಾನುವಾರ ಬಸ್ಸು ಹತ್ತಿ ಅಜ್ಜಂಪುರಕ್ಕೆ ಹೋಗಿ, ಆ ಮನೆಯ ಜಗಲಿಯಲ್ಲಿ ಕೂತು ಬಂದರು. ಎಂಟು ತಿಂಗಳು! ಫೀಸಿಲ್ಲದ ಈ ಕೆಲಸಕ್ಕೆ ಬಸ್ ಚಾರ್ಜೂ ಅವರದೇ.

ಕೊನೆಗೊಂದು ದಿನ ಕಡೂರಿನಲ್ಲಿ ಹುಡುಗಿಯರ ಬಾಡಿಗೆ ಮನೆಗೆ ಎರಡೂ ಕಡೆಯವರು ಊಟಕ್ಕೆ ಬಂದರು. ಇಬ್ಬರ ಮದುವೆಗೆ ಕಾನೂನಿಲ್ಲ, ಹೋಳಿಗೆ ಊಟಕ್ಕೆ ಕಾನೂನು ಬೇಕಿಲ್ಲ. ಅಪ್ಪನೂ ಬಂದು, ಮಗಳ ಕಡೆ ನೋಡದೆ ಮೂಲೆಯಲ್ಲಿ ಕೂತರು.

ಎಲೆ ಹಾಕಿಯಾಯಿತು. ಬಡಿಸಲು ಯಾರೂ ಏಳಲಿಲ್ಲ! ನಮ್ಮಲ್ಲಿ ಗಂಡಿನ ಕಡೆಯವರು ಕೂರಬೇಕು, ಹೆಣ್ಣಿನ ಕಡೆಯವರು ಬಡಿಸಬೇಕು.

“ನಾವು ಗಂಡಿನ ಕಡೆಯೋರು,” ಎಂದರು ಅಜ್ಜಂಪುರದ ತಾಯಿ.

“ಅದ್ಹೆಂಗಾಗ್ತದೆ? ನಾವು ಕಣ್ರೀ!” ಎಂದರು ಕಡೂರಿನ ತಾಯಿ.

ಮೇಡಂ ಸೆರಗು ಸಿಕ್ಕಿಸಿದರು. “ಇಬ್ರೂ ಗಂಡಿನ ಕಡೆಯೋರೇ, ಕೂತ್ಕೊಳ್ಳಿ.” ಆಮೇಲೆ ನನ್ನತ್ತ ತಿರುಗಿ, “ಏನಪ್ಪಾ ನೋಡ್ತಾ ನಿಂತೆ? ಹೆಣ್ಣಿನ ಕಡೆ ನಾವಿಬ್ರೇ. ತುಪ್ಪ ತಗೋ,” ಎಂದರು.

ಹೋಳಿಗೆ ತಟ್ಟೆ ಹಿಡಿದು ಮೇಡಂ ಮೂಲೆಗೆ ಬಂದಾಗ ಅಪ್ಪ ನರ್ಸ್ ಹುಡುಗಿಯತ್ತ ಕೈಮಾಡಿ, ಥೇಟ್ ಗಂಡಿನ ತಂದೆಯ ಗತ್ತಿನಲ್ಲಿ ಗದರಿದರು: “ಏನ್ರೀ ಹೆಣ್ಣಿನ ಕಡೆಯೋರೇ, ನಮ್ಮ ಸೊಸೆ ಎಲೆ ಖಾಲಿ ಐತೆ, ಕಾಣಲ್ವಾ?”

“ಮೊದ್ಲು ನಮ್ಮ ಸೊಸೆಗೆ ಹಾಕ್ರೀ!” ಎಂದರು ಆಚೆಯಿಂದ ಕಡೂರಿನ ತಾಯಿ.

ಯಾವ ಜಡ್ಜರ ಮುಂದೆಯೂ ತಡವರಿಸದ ನಮ್ಮ ಮೇಡಂ, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತೇಬಿಟ್ಟರು. ಆಮೇಲೆ ತಟ್ಟೆಯನ್ನು ನನ್ನ ಕೈಗಿತ್ತು, “ಇದಕ್ಕೆ ತೀರ್ಪು ನೀನೇ ಕೊಡಪ್ಪಾ,” ಎಂದರು.